ಎಡಕ್ಕೆ ತಿರುಗಿದಾಗ ಮಾತ್ರ ಎಂಜಿನ್ ಕಟ್ ಆಗುತ್ತಿದೆಯಾ? ಫಾರ್ಮುಲಾ ಸ್ಟೂಡೆಂಟ್ ಕಾರಿನಲ್ಲಿ ಈ ದೋಷ ಹುಡುಕುವ ಬಗೆ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾರು ಒಂದೇ ದಿಕ್ಕಿಗೆ ತಿರುಗಿದಾಗ ಮಾತ್ರ ಕಟ್ ಆಗುತ್ತಿದ್ದರೆ ಲ್ಯಾಪ್‌ಟಾಪ್ ಮುಚ್ಚಿಡಿ. ಇಸಿಯು ಮ್ಯಾಪ್, ಅಂದರೆ ಯಾವಾಗ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ಎಂಜಿನ್‌ನ ಕಂಪ್ಯೂಟರ್‌ಗೆ ಹೇಳುವ ಪಟ್ಟಿ, ಅದನ್ನು ಮುಟ್ಟಬೇಡಿ. ಮ್ಯಾಪ್‌ಗೆ ಎಡ ಯಾವುದು, ಬಲ ಯಾವುದು ಗೊತ್ತಿಲ್ಲ. ಅದು ನೋಡುವುದು ಆರ್‌ಪಿಎಂ, ಥ್ರಾಟಲ್, ಗಾಳಿಯ ಒತ್ತಡ, ಬಿಸಿ, ಇಷ್ಟೇ. ಬಲಕ್ಕೆ ಸುತ್ತುವಾಗ ಚೆನ್ನಾಗಿ ಓಡುವ ಎಂಜಿನ್, ಅದೇ ಆರ್‌ಪಿಎಂ, ಅದೇ ಥ್ರಾಟಲ್ ಇದ್ದರೂ ಎಡಕ್ಕೆ ಸುತ್ತುವಾಗ ಮುಗ್ಗರಿಸುತ್ತದೆ ಅಂದರೆ ಕಾರಿನೊಳಗೆ ಏನೋ ಒಂದು ಪಕ್ಕಕ್ಕೆ ಸರಿಯುತ್ತಿದೆ. ಅದು ಪೆಟ್ರೋಲ್ ಇರಬಹುದು, ಆಯಿಲ್ ಇರಬಹುದು, ವೈರ್ ಇರಬಹುದು, ಡ್ರೈವರ್‌ನ ಮೊಣಕಾಲೂ ಇರಬಹುದು. ಹುಡುಕಬೇಕಾದ್ದು ಆ ಸರಿಯುವ ವಸ್ತುವನ್ನು.

ನಮ್ಮ ಕಾಲೇಜಿನ ತಂಡ ಇದಕ್ಕೆ ಮೂರು ದಿನ ಕಳೆದುಕೊಂಡಿತು. ಸ್ಪರ್ಧೆಗೆ ಹೊರಡಲು ಎರಡು ವಾರ ಇತ್ತು. ಸ್ಕಿಡ್‌ಪ್ಯಾಡ್ ಅಭ್ಯಾಸದಲ್ಲಿ, ಅಂದರೆ ವೃತ್ತದಲ್ಲಿ ಬಲಕ್ಕೆ, ಆಮೇಲೆ ಎಡಕ್ಕೆ ಸುತ್ತುವ ಓಟದಲ್ಲಿ, ಎಡ ಸುತ್ತಿಗೆ ಬಂದ ಕೂಡಲೇ ಎಂಜಿನ್ ಕೆಮ್ಮುತ್ತಿತ್ತು. ಹೊಗೆಯನ್ನು ಅಳೆಯುವ ಲ್ಯಾಂಬ್ಡಾ ಸೆನ್ಸರ್ ನೋಡಿದೆವು, ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ತೋರಿಸಿತು. ಸರಿ, ಪೆಟ್ರೋಲ್ ಕಡಿಮೆ ಹೋಗುತ್ತಿದೆ ಅಂತ ಮ್ಯಾಪ್‌ನಲ್ಲಿ ಹೆಚ್ಚಿಸಿದೆವು. ಮತ್ತೆ ಹೆಚ್ಚಿಸಿದೆವು. ಕೊನೆಗೆ ಪ್ಲಗ್ ಕಪ್ಪಾಗಿ, ಬಲ ಸುತ್ತಿನಲ್ಲೂ ಎಂಜಿನ್ ಒರಟಾಗಿ ಓಡತೊಡಗಿತು. ಒಂದು ದೋಷ ಇದ್ದಲ್ಲಿ ಎರಡಾಯಿತು. ನಿಮಗೆ ಆ ಮೂರು ದಿನ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಫಾರ್ಮುಲಾ ಸ್ಟೂಡೆಂಟ್ ಕಾರು ಅಂದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ ಕಟ್ಟುವ, ಚಕ್ರಗಳು ಹೊರಗೆ ಕಾಣುವ, ಒಬ್ಬರೇ ಕೂರುವ ರೇಸ್ ಕಾರು. ನಮ್ಮಲ್ಲಿ ಫಾರ್ಮುಲಾ ಭಾರತ್ ಸ್ಪರ್ಧೆ ಕೊಯಮತ್ತೂರಿನ ಹತ್ತಿರದ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತದೆ, ಕರ್ನಾಟಕದ ಕಾಲೇಜುಗಳ ತಂಡಗಳೂ ಅಲ್ಲಿಗೆ ಹೋಗುತ್ತವೆ. ಎಂಜಿನ್ 710 ಸಿಸಿ ಮೀರಬಾರದು. ಪೆಟ್ರೋಲ್ ಎಂಜಿನ್ ಆದರೆ ಅದಕ್ಕೆ ಹೋಗುವ ಗಾಳಿಯೆಲ್ಲ ರೆಸ್ಟ್ರಿಕ್ಟರ್ ಅನ್ನುವ 20 ಮಿ.ಮೀ. ವ್ಯಾಸದ ಕಿರಿದಾದ ಬಾಯಿಯ ಮೂಲಕವೇ ಹೋಗಬೇಕು. ಹೀಗಾಗಿ ಬಹುತೇಕ ಎಲ್ಲರೂ ಬೈಕ್ ಎಂಜಿನ್ ಹಾಕುತ್ತಾರೆ. ಭಾರತದಲ್ಲಿ ಬಹಳ ತಂಡಗಳು ಕೆಟಿಎಂ 390ರ 373 ಸಿಸಿ ಸಿಂಗಲ್ ಸಿಲಿಂಡರ್ ಎಂಜಿನ್ ಬಳಸಿವೆ.

ಬೈಕ್ ಎಂಜಿನ್ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಈ ದೋಷದ ಬೇರು ಇರುವುದೇ ಅಲ್ಲಿ.

ಬೈಕ್ ವಾಲುತ್ತದೆ, ಕಾರು ವಾಲುವುದಿಲ್ಲ

ನೀರು ತುಂಬಿದ ಚೊಂಬನ್ನು ಹಗ್ಗಕ್ಕೆ ಕಟ್ಟಿ ಗಿರಗಿರ ತಿರುಗಿಸಿದರೆ ನೀರು ಚೆಲ್ಲುವುದಿಲ್ಲ, ಅಲ್ವಾ? ಚೊಂಬು ತಾನೇ ವಾಲಿಕೊಳ್ಳುತ್ತದೆ. ನೀರಿನ ಮೇಲಿನ ಬಲ ಯಾವಾಗಲೂ ಚೊಂಬಿನ ತಳದ ಕಡೆಗೇ ಇರುತ್ತದೆ. ಬೈಕ್ ತಿರುವಿನಲ್ಲಿ ಮಾಡುವುದೂ ಇದನ್ನೇ. ಸವಾರ ಬೈಕನ್ನು ಒಳಕ್ಕೆ ವಾಲಿಸುತ್ತಾನೆ, ಟ್ಯಾಂಕಿನ ಪೆಟ್ರೋಲ್‌ಗೆ, ಸಂಪ್‌ನ, ಅಂದರೆ ಎಂಜಿನ್ ತಳದ ತಟ್ಟೆಯ, ಆಯಿಲ್‌ಗೆ ತಾವು ತಿರುವಿನಲ್ಲಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ತಳದಲ್ಲೇ ಇರುತ್ತವೆ.

ಅದೇ ಎಂಜಿನ್ನು, ಅದೇ ಪಂಪ್ ತಂದು ಕಾರಿಗೆ ಕೂರಿಸಿ. ಈಗ ಅದು ಟೆಂಪೋದಲ್ಲಿ ಇಟ್ಟ ಸಾರಿನ ಪಾತ್ರೆ. ಮದುವೆ ಮನೆಗೆ ಸಾರು ಸಾಗಿಸಿದವರಿಗೆ ಗೊತ್ತು, ಟೆಂಪೋ ಎಡಕ್ಕೆ ತಿರುಗಿದರೆ ಸಾರು ಬಲಗಡೆ ಏರುತ್ತದೆ.

ಎಷ್ಟು ಏರುತ್ತದೆ? ಇದನ್ನು ಲೆಕ್ಕ ಹಾಕಿ ನೋಡಿದ ಮೇಲೆಯೇ ನಮ್ಮ ತಂಡಕ್ಕೆ ಕಣ್ಣು ತೆರೆದದ್ದು. ಸ್ಕಿಡ್‌ಪ್ಯಾಡ್‌ನಲ್ಲಿ ಕಾರು ಎಂಟರ ಆಕಾರದಲ್ಲಿ ಓಡುತ್ತದೆ, ಬಲಕ್ಕೆ ಎರಡು ಸುತ್ತು, ಆಮೇಲೆ ಎಡಕ್ಕೆ ಎರಡು. ಒಳಗಿನ ವೃತ್ತದ ವ್ಯಾಸ 15.25 ಮೀಟರ್, ದಾರಿಯ ಅಗಲ 3 ಮೀಟರ್. ದಾರಿಯ ನಡುವೆ ಹೋದರೆ ತ್ರಿಜ್ಯ ಸುಮಾರು 9.1 ಮೀಟರ್. ಒಂದು ಸುತ್ತಿಗೆ 5.5 ಸೆಕೆಂಡು ಹಿಡಿದರೆ ವೇಗ ಗಂಟೆಗೆ 38 ಕಿ.ಮೀ. ಕೂಡ ಇಲ್ಲ, ಆದರೆ ಪಕ್ಕದ ಬಲ 1.2 ಜಿ, ಅಂದರೆ ತೂಕದ 1.2 ಪಟ್ಟು. ಆಗ ಟ್ಯಾಂಕಿನೊಳಗಿನ ಪೆಟ್ರೋಲ್‌ನ ಮೇಲ್ಮೈ 50 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಅಲೆಯ ಹಾಗೆ ಬಂದು ಹೋಗುವುದಲ್ಲ, ಎರಡೂ ಸುತ್ತು ಸೇರಿ 11 ಸೆಕೆಂಡು ಹಾಗೇ ನಿಂತಿರುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಒಂದು ಮೂಲೆ ಪೂರ್ತಿ ಒಣಗಿರುತ್ತದೆ. ಪಂಪಿನ ಬಾಯಿ ಆ ಮೂಲೆಯಲ್ಲಿದ್ದರೆ ಅದು ಗಾಳಿ ಕುಡಿಯುತ್ತದೆ.

ಸಣ್ಣ ತಿರುವುಗಳ ಟ್ರ್ಯಾಕ್‌ನಲ್ಲಿ ಈ ದೋಷ ಅಡಗಿಕೊಳ್ಳುತ್ತದೆ. ತಿರುವು ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಎಂಜಿನ್ ಒಂದು ಸಲ ಮುಗ್ಗರಿಸಿ ಸರಿಯಾಗುತ್ತದೆ, ಡ್ರೈವರ್ ತನ್ನ ಕಾಲಿನದೇ ತಪ್ಪು ಅಂದುಕೊಳ್ಳುತ್ತಾನೆ. ಹಾಗಾಗಿ ಸ್ಕಿಡ್‌ಪ್ಯಾಡ್ ಬರೀ ಅಂಕಕ್ಕೆ ಇರುವ ಸ್ಪರ್ಧೆ ಅಲ್ಲ, ನಿಮ್ಮ ಹತ್ತಿರ ಇರುವ ಅತಿ ಒಳ್ಳೆಯ ಪರೀಕ್ಷಾ ಯಂತ್ರ ಅದು. ಖಾಲಿ ಪಾರ್ಕಿಂಗ್ ಜಾಗ, ಅಳತೆ ಟೇಪು, ಕೋನ್‌ಗಳು ಇದ್ದರೆ ಸಾಕು.

ಡ್ರೈವರ್‌ಗೆ ಕೇಳಬೇಕಾದ ಪ್ರಶ್ನೆಗಳು

ಸ್ಪ್ಯಾನರ್ ಹಿಡಿಯುವ ಮೊದಲು ಡ್ರೈವರ್ ಪಕ್ಕ ಕೂತು ಹತ್ತು ನಿಮಿಷ ಮಾತಾಡಿ. ಹೆಲ್ಮೆಟ್ ತೆಗೆದ ತಕ್ಷಣ ಕೇಳಿ, ಸಂಜೆಗೆ ಮರೆತುಹೋಗಿರುತ್ತದೆ.

ಎಂಜಿನ್ ಹೇಗೆ ನಿಂತಿತು? ಕೀ ತಿರುಗಿಸಿದ ಹಾಗೆ ಟಕ್ ಅಂತ ಸತ್ತುಹೋಯಿತೋ, ಉಸಿರು ಕಟ್ಟಿದ ಹಾಗೆ ಕೆಮ್ಮಿ ಕೆಮ್ಮಿ ನಿಂತಿತೋ? ಟಕ್ ಅಂತ ಸತ್ತರೆ ಕರೆಂಟಿನ ಕಡೆ ನೋಡಿ. ಕೆಮ್ಮಿದರೆ ಪೆಟ್ರೋಲ್ ಕಡೆ. ಇದು ನೂರಕ್ಕೆ ನೂರು ಅಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತದೆ.

ತಿರುವಿಗೆ ಹೋದ ಎಷ್ಟು ಹೊತ್ತಿಗೆ? ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಆದರೆ ವೈರ್, ಸೆನ್ಸರ್. ಒಂದೆರಡು ಸೆಕೆಂಡು ಚೆನ್ನಾಗಿ ಓಡಿ ಆಮೇಲೆ ಆದರೆ ಪೆಟ್ರೋಲ್. ಪಂಪ್‌ನಿಂದ ಇಂಜೆಕ್ಟರ್‌ವರೆಗಿನ ಪೈಪ್‌ನಲ್ಲಿ ಇದ್ದದ್ದು ಮುಗಿಯುವವರೆಗೆ ಎಂಜಿನ್‌ಗೆ ಏನೂ ಗೊತ್ತಾಗುವುದಿಲ್ಲ.

ಮತ್ತೆ ಹೇಗೆ ಶುರುವಾಯಿತು? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಇದೇ ಎಲ್ಲಕ್ಕಿಂತ ಜಾಸ್ತಿ ಹೇಳುತ್ತದೆ. ಕಾರು ನೇರವಾದ ಕೂಡಲೇ ತಾನಾಗಿ ಸರಿಹೋದರೆ ದ್ರವವೋ, ಸಡಿಲ ವೈರೋ. ಇಗ್ನಿಷನ್ ಒಮ್ಮೆ ಆಫ್ ಮಾಡಿ ಆನ್ ಮಾಡಿದ ಮೇಲೆಯೇ ಶುರುವಾದರೆ ಬೈಕಿನಿಂದ ಬಂದ, ಬೈಕ್ ಬಿದ್ದರೆ ಎಂಜಿನ್ ನಿಲ್ಲಿಸುವ ಟಿಲ್ಟ್ ಸೆನ್ಸರ್ ಮೇಲೆ ಅನುಮಾನ ಪಡಿ. ಯಾರಾದರೂ ಹೋಗಿ, ಡಿಕ್ಕಿಯ ಹೊಡೆತಕ್ಕೆ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್‌ನ ಗುಂಡಿ ಒತ್ತಿದ ಮೇಲೆ ಮಾತ್ರ ಶುರುವಾದರೆ ಉತ್ತರ ಸಿಕ್ಕಿತು. ಆ ಸ್ವಿಚ್ ಒಮ್ಮೆ ಬಿದ್ದರೆ ಕೈಯಿಂದ ಒತ್ತದೆ ಏಳುವುದಿಲ್ಲ, ನಿಯಮವೇ ಹಾಗಿದೆ.

ಟ್ಯಾಂಕಿನಲ್ಲಿ ಎಷ್ಟಿತ್ತು? ಯಾರು ಓಡಿಸುತ್ತಿದ್ದರು? ಈ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಯಾರು ಓಡಿಸುತ್ತಿದ್ದರು ಅನ್ನುವುದು ಯಾಕೆ ಮುಖ್ಯ ಅಂತ ಮುಂದೆ ಬರುತ್ತದೆ.

ಮೊದಲ ಪರೀಕ್ಷೆ: ಟ್ಯಾಂಕ್ ತುಂಬಿಸಿ

ಇದಕ್ಕೆ ಅರ್ಧ ಗಂಟೆ ಸಾಕು. ದೋಷ ಬರುವ ಮಟ್ಟದಲ್ಲೇ ಪೆಟ್ರೋಲ್ ಇಟ್ಟು ಬಲಕ್ಕೆ ಎರಡು, ಎಡಕ್ಕೆ ಎರಡು ಸುತ್ತು ಹೊಡೆಯಿರಿ. ದೋಷ ಬಂತು ಅಂತ ಖಾತ್ರಿ ಮಾಡಿಕೊಳ್ಳಿ. ಈಗ ಬೇರೆ ಏನನ್ನೂ ಮುಟ್ಟದೆ ಟ್ಯಾಂಕ್ ತುಂಬಿಸಿ, ಅದೇ ಡ್ರೈವರ್, ಅದೇ ಸುತ್ತು. ದೋಷ ಹೋಯಿತಾ? ಹೋದರೆ ಪೆಟ್ರೋಲನ್ನು ಮತ್ತೆ ಮೊದಲಿನ ಮಟ್ಟಕ್ಕೆ ಇಳಿಸಿ ಇನ್ನೊಂದು ಸಲ ಓಡಿಸಿ. ದೋಷ ವಾಪಸ್ ಬರಬೇಕು. ಈ ವಾಪಸ್ ಬರಿಸುವ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ದೋಷವನ್ನು ಬೇಕೆಂದಾಗ ತರಿಸಲು, ಬೇಕೆಂದಾಗ ಕಳಿಸಲು ಬಂದರೆ ಮಾತ್ರ ಅದು ನಿಮಗೆ ಅರ್ಥವಾಗಿದೆ ಅಂತ ಲೆಕ್ಕ. ಒಂದು ಸಲ ಸರಿಹೋದದ್ದು ಸುಮ್ನೆ ಕಾಕತಾಳೀಯವೂ ಆಗಬಹುದು.

ಟ್ಯಾಂಕ್ ತುಂಬಿದ್ದರೂ ದೋಷ ಹಾಗೇ ಇದ್ದರೆ ಪಂಪಿನ ಬಾಯಿ ಬಹುತೇಕ ನಿರಪರಾಧಿ, ಆಯಿಲ್ ಮತ್ತು ವೈರ್ ಕಡೆ ಹೋಗಿ.

ಎರಡೂ ಕಡೆ ತಿರುಗಿದಾಗ ಬಂದರೆ? ಆಗ ಇದು ಬೇರೆ ರೋಗ. ಓಡುತ್ತಾ ಓಡುತ್ತಾ ಜಾಸ್ತಿಯಾಗಿ, ಟ್ಯಾಂಕ್ ಮುಚ್ಚಳ ತೆಗೆದ ಕೂಡಲೇ ಉಸ್ ಅಂತ ಗಾಳಿ ಎಳೆದುಕೊಂಡು ಸರಿಹೋದರೆ ಟ್ಯಾಂಕಿಗೆ ಗಾಳಿ ಬಿಡುವ ತೂತು, ವೆಂಟ್, ಕಟ್ಟಿದೆ. ಎಂಡ್ಯೂರೆನ್ಸ್ ಅನ್ನುವ ಉದ್ದದ ಓಟದಲ್ಲಿ ಡ್ರೈವರ್ ಬದಲಾಗುವಾಗ ಬಿಸಿ ಎಂಜಿನ್ ನಿಲ್ಲಿಸಿ, ಮತ್ತೆ ಶುರು ಮಾಡಲು ಹೋದಾಗ ಮಾತ್ರ ಕಾಡಿದರೆ ಪೈಪ್‌ನಲ್ಲಿ ಪೆಟ್ರೋಲ್ ಆವಿಯಾಗುತ್ತಿರಬಹುದು, ಪೈಪ್ ಸೈಲೆನ್ಸರ್ ಹತ್ತಿರ ಹೋಗಿದೆಯಾ ನೋಡಿ. ಮೇಲಿನ ಆರ್‌ಪಿಎಂನಲ್ಲಿ ಮಾತ್ರ, ನೇರ ದಾರಿಯಲ್ಲೂ ಬಂದರೆ ಆಗ ಲ್ಯಾಪ್‌ಟಾಪ್ ತೆಗೆಯಿರಿ.

ಲಾಗ್ ಓದುವಾಗ ಮೋಸ ಹೋಗಬೇಡಿ

ಲಾಗ್ ಅಂದರೆ ಓಡುವಾಗ ಸೆನ್ಸರ್‌ಗಳು ಅಳೆದದ್ದರ ದಾಖಲೆ. ಅದರಲ್ಲಿ ಲ್ಯಾಂಬ್ಡಾ ಲೀನ್ ತೋರಿಸಿದ ಕೂಡಲೇ ಪೆಟ್ರೋಲ್ ಕಡಿಮೆ ಅಂತ ತೀರ್ಮಾನ ಮಾಡಬೇಡಿ. ನಾವು ಬಿದ್ದ ಗುಂಡಿ ಇದೇ. ಲ್ಯಾಂಬ್ಡಾ ಸೆನ್ಸರ್ ಅಳೆಯುವುದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು. ಪ್ಲಗ್ ಕಿಡಿ ಕೊಡದೆ ಮಿಸ್‌ಫೈರ್ ಆದರೂ ಸುಡದ ಗಾಳಿ ಹಾಗೇ ಹೊರಬರುತ್ತದೆ, ಸೆನ್ಸರ್ ಅದನ್ನೂ ಲೀನ್ ಅಂತಲೇ ಓದುತ್ತದೆ. ಪೆಟ್ರೋಲ್ ನಿಂತರೂ ಲೀನ್, ಕಿಡಿ ನಿಂತರೂ ಲೀನ್. ಇವೆರಡನ್ನೂ ಬೇರೆ ಮಾಡಿ ತೋರಿಸುವುದು ಪೆಟ್ರೋಲ್ ಒತ್ತಡ ಮಾತ್ರ.

ಫ್ಯೂಯಲ್ ಪ್ರೆಷರ್ ಸೆನ್ಸರ್ ಇಲ್ಲದಿದ್ದರೆ ಒಂದು ಹಾಕಿಸಿ, ಇದಕ್ಕೆ ಹಣ ಉಳಿಸಬೇಡಿ. ಅಲ್ಲಿಯವರೆಗೆ ಪೈಪ್‌ಗೆ ಒಂದು ಟಿ ಜೋಡಿಸಿ ಮುಳ್ಳಿನ ಗೇಜ್ ಹಾಕಿ, ಅದರ ಎದುರು ಸಣ್ಣ ಕ್ಯಾಮೆರಾ ಕಟ್ಟಿ ಓಡಿಸಬಹುದು. ಆದರೆ ಗೇಜ್ ಫೈರ್‌ವಾಲ್‌ನ, ಅಂದರೆ ಡ್ರೈವರ್‌ಗೂ ಎಂಜಿನ್‌ಗೂ ನಡುವಿನ ಬೆಂಕಿ ತಡೆಯುವ ಗೋಡೆಯ ಹಿಂದೆ, ಎಂಜಿನ್ ಕಡೆಯೇ ಇರಬೇಕು. ಪೆಟ್ರೋಲ್ ಇರುವ ಪೈಪನ್ನು ಯಾವ ಕಾರಣಕ್ಕೂ ಡ್ರೈವರ್ ಕೂರುವ ಕಡೆಗೆ ತರಬೇಡಿ. ಒತ್ತಡ ತಡೆಯುವ ಸರಿಯಾದ ಕ್ಲಾಂಪ್ ಹಾಕಿ, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿರಲಿ.

ಒತ್ತಡ ಸುಮಾರು 3.5 ಬಾರ್‌ನಲ್ಲಿ ಗಟ್ಟಿಯಾಗಿ ನಿಂತಿದ್ದೂ ಎಂಜಿನ್ ಕಟ್ ಆದರೆ ಪೆಟ್ರೋಲ್ ಕಥೆ ಮುಗಿಯಿತು. ಒತ್ತಡ ಮೊದಲು ಬಿದ್ದು, ಆಮೇಲೆ ಲ್ಯಾಂಬ್ಡಾ ಲೀನ್ ಆಗಿ, ಕೊನೆಗೆ ಆರ್‌ಪಿಎಂ ಇಳಿದರೆ ಪಂಪ್ ಗಾಳಿ ಕುಡಿಯುತ್ತಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಈ ಕ್ರಮವನ್ನೇ ಲಾಗ್‌ನಲ್ಲಿ ಹುಡುಕಿ.

ಆರ್‌ಪಿಎಂ ಗೆರೆಯೂ ಬಹಳ ಹೇಳುತ್ತದೆ. ಓಡುತ್ತಿರುವ ಎಂಜಿನ್ 7000ದಿಂದ ಸೊನ್ನೆಗೆ ಒಂದೇ ಕ್ಷಣದಲ್ಲಿ ಬೀಳಲು ಸಾಧ್ಯವೇ ಇಲ್ಲ, ಅದಕ್ಕೆ ತೂಕ ಇದೆ, ಚಕ್ರಗಳು ಅದನ್ನು ತಿರುಗಿಸುತ್ತಲೇ ಇರುತ್ತವೆ. ಲಾಗ್‌ನಲ್ಲಿ ಹಾಗೆ ಬಿದ್ದಿದ್ದರೆ ನಿಂತದ್ದು ಎಂಜಿನ್ ಅಲ್ಲ, ಆರ್‌ಪಿಎಂ ಅಳೆಯುವ ಕ್ರ್ಯಾಂಕ್ ಸೆನ್ಸರ್‌ನ ಸಿಗ್ನಲ್. ಲಾಗ್‌ನಲ್ಲೇ ತೂತು ಬಿದ್ದಿದ್ದರೆ, ಅಂದರೆ ಅರ್ಧ ಸೆಕೆಂಡು ಯಾವ ಮಾಹಿತಿಯೂ ಇಲ್ಲದಿದ್ದರೆ, ಇಸಿಯುಗೇ ಕರೆಂಟ್ ಹೋಗಿದೆ. ಆರ್‌ಪಿಎಂ ನಿಧಾನವಾಗಿ ಇಳಿದು ಉಳಿದದ್ದೆಲ್ಲ ಸರಿ ಇದ್ದರೆ ಪೆಟ್ರೋಲೋ ಕಿಡಿಯೋ ನಿಂತಿದೆ.

ಆಯಿಲ್ ಬಗ್ಗೆ ಒಂದು ಮಾತು, ಗಂಭೀರವಾಗಿ

ಪೆಟ್ರೋಲ್ ಸರಿಯುವಷ್ಟೇ ಸಂಪ್‌ನ ಆಯಿಲ್ ಕೂಡ ಸರಿಯುತ್ತದೆ. ವ್ಯತ್ಯಾಸ ಏನೆಂದರೆ ಪೆಟ್ರೋಲ್ ಸಿಗದಿದ್ದರೆ ಎಂಜಿನ್ ನಿಂತು ನಿಮಗೆ ತಿಳಿಸುತ್ತದೆ. ಆಯಿಲ್ ಸಿಗದಿದ್ದರೆ ತಿಳಿಸುವುದಿಲ್ಲ, ಓಡುತ್ತಲೇ ಇರುತ್ತದೆ, ಒಳಗೆ ಬೇರಿಂಗ್ ಸವೆಯುತ್ತಿರುತ್ತದೆ. ಎಡ ಸುತ್ತಿನಲ್ಲೂ ಬಲ ಸುತ್ತಿನಲ್ಲೂ ಒಂದೇ ಆರ್‌ಪಿಎಂನಲ್ಲಿ ಆಯಿಲ್ ಒತ್ತಡ ಎಷ್ಟಿದೆ ಅಂತ ಹೋಲಿಸಿ. ಒಂದು ಕಡೆ ಬೀಳುತ್ತಿದ್ದರೆ ಅವತ್ತಿಗೆ ಓಡಿಸುವುದು ನಿಲ್ಲಿಸಿ. ಸಂಪ್‌ಗೆ ಆಯಿಲ್ ಸರಿಯದಂತೆ ತಡೆಯುವ ಬ್ಯಾಫಲ್ ತಟ್ಟೆ ಹಾಕದೆ ಮತ್ತೆ ಓಡಿಸಬೇಡಿ. ಕೆಲವರು ಇಸಿಯುನಲ್ಲೇ ಆಯಿಲ್ ಒತ್ತಡ ಬಿದ್ದರೆ ಎಂಜಿನ್ ನಿಲ್ಲಿಸುವ ಹಾಗೆ ಸೆಟ್ ಮಾಡಿರುತ್ತಾರೆ. ಒಳ್ಳೆಯ ಅಭ್ಯಾಸ ಅದು. ಆದರೆ ಹಾಗೆ ಸೆಟ್ ಮಾಡಿದವರು ಪಾಸಾಗಿ ಕಾಲೇಜು ಬಿಟ್ಟಿದ್ದರೆ, ಹೊಸ ತಂಡಕ್ಕೆ ಅದು ತಿಳಿಯದೆ ವಾರಗಟ್ಟಲೆ ವೈರ್ ಹುಡುಕುತ್ತಾ ಕೂರುತ್ತದೆ. ಇಸಿಯುನ ಸುರಕ್ಷತಾ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ನೋಡಲು ಮಾತ್ರ.

ಟಿಲ್ಟ್ ಸೆನ್ಸರ್

ಬೈಕಿನ ಮೂಲ ಇಸಿಯು ಬಳಸುವವರು ಇದನ್ನು ಓದಿ, ಬೇರೆಯವರು ಮುಂದೆ ಹೋಗಬಹುದು. ಬೈಕ್ ಬಿದ್ದರೆ ಎಂಜಿನ್ ನಿಲ್ಲಿಸಲು ಒಂದು ಸೆನ್ಸರ್ ಇರುತ್ತದೆ, ಬಹಳಷ್ಟು ಬೈಕ್‌ಗಳಲ್ಲಿ ಸುಮಾರು 65 ಡಿಗ್ರಿ ಓರೆಯಾದರೆ ಅದು ಕೆಲಸ ಮಾಡುತ್ತದೆ. ಬೈಕ್ ತಿರುವಿನಲ್ಲಿ ವಾಲಿದಾಗ ಅದಕ್ಕೆ ಓರೆ ಗೊತ್ತಾಗುವುದಿಲ್ಲ, ಚೊಂಬಿನ ನೀರಿನ ಹಾಗೆ. ಕಾರಿನಲ್ಲಿ 1.2 ಜಿ ಬಂದಾಗ ಅದಕ್ಕೆ 50 ಡಿಗ್ರಿ ವಾಲಿದ ಹಾಗೆ ಕಾಣುತ್ತದೆ. ಇನ್ನೂ 15 ಡಿಗ್ರಿ ಬಾಕಿ ಇದೆಯಲ್ಲ ಅನ್ನಬಹುದು. ಆದರೆ ಯಾರೋ ಅದನ್ನು ಜಾಗ ಸಿಕ್ಕಲ್ಲಿ ಓರೆಯಾಗಿ ಜಿಪ್ ಟೈ ಹಾಕಿ ಕಟ್ಟಿದ್ದರೆ ಆ 15 ಡಿಗ್ರಿ ಒಂದು ಕಡೆ ಮುಗಿದೇ ಹೋಗಿರುತ್ತದೆ. ಆಗ ಒಂದೇ ದಿಕ್ಕಿನಲ್ಲಿ ಕಟ್ ಆಗುತ್ತದೆ, ಪೆಟ್ರೋಲ್ ದೋಷದ ಹಾಗೇ ಕಾಣುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ನೇರ ಮಾಡಿ ಸ್ಕ್ರೂ ಹಾಕಿ ಕೂರಿಸಿ.

ಟ್ಯಾಂಕನ್ನು ಬೆಂಚ್ ಮೇಲೆ ಓರೆ ಮಾಡಿ

ಪೆಟ್ರೋಲೇ ಕಾರಣ ಅಂತ ಗೊತ್ತಾದ ಮೇಲೆ ಟ್ಯಾಂಕ್ ಬಿಚ್ಚಿ. ಪೂರ್ತಿ ಖಾಲಿ ಮಾಡಿ, ಆವಿ ಹೋಗುವವರೆಗೆ ಬಯಲಲ್ಲಿ ತೆರೆದಿಡಿ. ಪಂಪ್ ಹೊರಗೆ ತೆಗೆದು, ಅದರ ಬಾಯಿ ಎಲ್ಲಿ ಬರುತ್ತದೋ ಅಲ್ಲಿಗೆ ಒಂದು ಕಡ್ಡಿ ಇಟ್ಟು ಗುರುತು ಮಾಡಿ. ಈಗ ದೋಷ ಬಂದಾಗ ಇದ್ದಷ್ಟೇ ನೀರು ಹಾಕಿ, ಕಾಣಲಿ ಅಂತ ಸ್ವಲ್ಪ ಕುಂಕುಮ ಕದಡಿ, ಟ್ಯಾಂಕನ್ನು ಬಲಕ್ಕೆ 50 ಡಿಗ್ರಿ ವಾಲಿಸಿ. ಎಡ ತಿರುವಿನಲ್ಲಿ ಪೆಟ್ರೋಲ್ ಹೇಗೆ ನಿಲ್ಲುತ್ತದೋ ನೀರು ಹಾಗೇ ನಿಲ್ಲುತ್ತದೆ. ದ್ರವಕ್ಕೆ ತಿರುವೋ ಇಳಿಜಾರೋ ವ್ಯತ್ಯಾಸ ತಿಳಿಯುವುದಿಲ್ಲ. ಸ್ಪರ್ಧೆಯ ತಾಂತ್ರಿಕ ತಪಾಸಣೆಯಲ್ಲಿ ಇಡೀ ಕಾರನ್ನು 60 ಡಿಗ್ರಿ ವಾಲಿಸುತ್ತಾರಲ್ಲ, ಅದೂ ಇದೇ ತತ್ವ, 60 ಡಿಗ್ರಿ ಅಂದರೆ 1.7 ಜಿ. ಅಲ್ಲಿ ಏನೂ ಸೋರಬಾರದು, ಕಾರು ಮಗುಚಬಾರದು ಅಷ್ಟೇ ನೋಡುತ್ತಾರೆ. ಪಂಪ್‌ಗೆ ಪೆಟ್ರೋಲ್ ಸಿಗುತ್ತದಾ ಅಂತ ಯಾರೂ ನೋಡುವುದಿಲ್ಲ. ಅದನ್ನು ನೀವೇ ನೋಡಬೇಕು.

ಕಡ್ಡಿಯ ತುದಿ ಒದ್ದೆಯಾಗಿದೆಯೋ ಒಣಗಿದೆಯೋ ನೋಡಿ. ನೀರು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ, ತುದಿ ಮುಳುಗಲು ಎಷ್ಟು ಬೇಕಾಯಿತು ಅಂತ ಅಳೆಯಿರಿ. ಅದಕ್ಕಿಂತ ಕೆಳಗಿನ ಪೆಟ್ರೋಲ್ ಎಡ ತಿರುವಿನಲ್ಲಿ ಇದ್ದೂ ಇಲ್ಲದ ಹಾಗೆ. ಎಡಕ್ಕೆ, ಮುಂದಕ್ಕೆ, ಹಿಂದಕ್ಕೆ ವಾಲಿಸಿ ಕೂಡ ಇದೇ ಅಳತೆ ತೆಗೆಯಿರಿ, ಬ್ರೇಕ್ ಹೊಡೆದಾಗಲೂ ದ್ರವ ಮುಂದಕ್ಕೆ ಓಡುತ್ತದೆ. ನಮ್ಮ ಟ್ಯಾಂಕ್ ಅಗಲವಾಗಿ, ಚಪ್ಪಟೆಯಾಗಿ ಇತ್ತು. ಭಾರ ಕೆಳಗಿರಲಿ ಅಂತ ಹಾಗೆ ಮಾಡಿದ್ದೆವು. ಪಂಪ್ ಎಡ ಮೂಲೆಯಲ್ಲಿತ್ತು, ಯಾಕೆಂದರೆ ವೆಲ್ಡಿಂಗ್‌ಗೆ ಅಲ್ಲೇ ಅನುಕೂಲವಾಗಿತ್ತು. ಕಂಪ್ಯೂಟರ್‌ನ ಚಿತ್ರದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಯಾಕೆಂದರೆ ಅಲ್ಲಿ ಪೆಟ್ರೋಲ್ ಮಟ್ಟವಾಗಿ ನಿಂತಿತ್ತು.

ನೀರಿನ ಕೆಲಸ ಮುಗಿದ ಮೇಲೆ ಟ್ಯಾಂಕನ್ನು ಚೆನ್ನಾಗಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒಳಗೆ ಎರಡು ಚಮಚ ನೀರು ಉಳಿದರೂ ಅದು ತಳ ಸೇರಿ ಮೊದಲು ಪಂಪ್‌ಗೇ ಹೋಗುತ್ತದೆ.

ಸರಿ ಮಾಡುವುದು

ಪಂಪಿನ ಬಾಯಿಯನ್ನು ನಡುವೆ, ಎಲ್ಲಕ್ಕಿಂತ ಕೆಳಗೆ ತರಬೇಕು. ಅದರ ಸುತ್ತ ಸಣ್ಣ ಗೋಡೆ ಕಟ್ಟಿ ಒಂದು ಬಟ್ಟಲು ಮಾಡಬೇಕು, ಇದನ್ನೇ ಕಲೆಕ್ಟರ್ ಅನ್ನುವುದು. ಗೋಡೆಯಲ್ಲಿ ಒಳಕ್ಕೆ ಮಾತ್ರ ತೆರೆಯುವ ಸಣ್ಣ ಬಾಗಿಲು. ಪೆಟ್ರೋಲ್ ಒಳಗೆ ಬರಬಹುದು, ತಿರುವಿನಲ್ಲಿ ಹೊರಗೆ ಹೋಗಲಾರದು.

ಬಟ್ಟಲು ಎಷ್ಟು ದೊಡ್ಡದಿರಬೇಕು? ನಮ್ಮ ಲೆಕ್ಕ ಹೀಗಿತ್ತು. ಎಂಜಿನ್ 30 ಕಿಲೋವ್ಯಾಟ್ ಕೊಡುವಾಗ ಕಿಲೋವ್ಯಾಟ್ ಗಂಟೆಗೆ 300 ಗ್ರಾಂ ಕುಡಿಯುತ್ತದೆ ಅಂತ ಹಿಡಿದರೆ ಸೆಕೆಂಡಿಗೆ ಸುಮಾರು 3.4 ಮಿಲಿ. 11 ಸೆಕೆಂಡಿಗೆ 40 ಮಿಲಿಯೂ ಬೇಡ. ಹಾಗಾದರೆ 200 ಮಿಲಿ ಬಟ್ಟಲು ಧಾರಾಳ ಸಾಕು ಅನ್ನಿಸುತ್ತದೆ, ಅಲ್ವಾ? ಇಲ್ಲೇ ಎಡವುವುದು. ಪಂಪ್ ಎಂಜಿನ್‌ಗೆ ಬೇಕಾದಷ್ಟು ಮಾತ್ರ ಎಳೆಯುವುದಿಲ್ಲ, ತನ್ನ ಪೂರ್ತಿ ಶಕ್ತಿಗೆ ಎಳೆಯುತ್ತದೆ, ಉಳಿದದ್ದನ್ನು ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ವಾಪಸ್ ಕಳಿಸುತ್ತದೆ. ಗಂಟೆಗೆ 72 ಲೀಟರ್ ಎಳೆಯುವ ಪಂಪ್ ಅಂದರೆ ಸೆಕೆಂಡಿಗೆ 20 ಮಿಲಿ. ವಾಪಸ್ ಬರುವ ಪೈಪ್ ದೊಡ್ಡ ಟ್ಯಾಂಕಿಗೆ ಬಿದ್ದರೆ ಆ 200 ಮಿಲಿ ಬಟ್ಟಲು ಹತ್ತು ಸೆಕೆಂಡಿಗೆ ಖಾಲಿ, ಎಡ ಸುತ್ತು ಮುಗಿಯಲು ಇನ್ನೊಂದು ಸೆಕೆಂಡು ಇರುವಾಗಲೇ. ವಾಪಸ್ ಪೈಪ್ ಬಟ್ಟಲಿನೊಳಗೇ ಬೀಳಬೇಕು. ನಿಮ್ಮ ಕಾರಿನಲ್ಲಿ ಕಲೆಕ್ಟರ್ ಇದ್ದೂ ದೋಷ ಬರುತ್ತಿದ್ದರೆ ಮೊದಲು ಇದನ್ನೇ ನೋಡಿ.

ಟ್ಯಾಂಕಿನೊಳಗೆ ಸ್ಪಂಜ್ ತುಂಬುವ ಆಲೋಚನೆ ಎಲ್ಲರಿಗೂ ಬರುತ್ತದೆ. ಪೆಟ್ರೋಲ್‌ಗೆಂದೇ ಮಾಡಿದ ಫೋಮ್ ಇದೆ, ಅದು ಒಳ್ಳೆಯದೇ. ಅಂಗಡಿಯ ಹಾಸಿಗೆ ಸ್ಪಂಜ್ ಮಾತ್ರ ಹಾಕಬೇಡಿ, ಅದು ಪೆಟ್ರೋಲ್‌ನಲ್ಲಿ ಪುಡಿಯಾಗಿ ಫಿಲ್ಟರ್ ಕಟ್ಟುತ್ತದೆ.

ದೊಡ್ಡವರಿಗೂ ಇದೇ ತಲೆನೋವು ಇರುತ್ತದೆ. ಫಾರ್ಮುಲಾ 1 ಕಾರಿನಲ್ಲಿ ಪೆಟ್ರೋಲ್ ಡ್ರೈವರ್ ಬೆನ್ನ ಹಿಂದೆ ಬಾಗುವ, ಆದರೆ ಹರಿಯದ ಚೀಲದಲ್ಲಿರುತ್ತದೆ. ವೇಗದ ತಿರುವಿನಲ್ಲಿ ಪಕ್ಕದ ಬಲ 5 ಜಿ ಮುಟ್ಟಿದರೆ ಪೆಟ್ರೋಲ್‌ನ ಮೇಲ್ಮೈ 79 ಡಿಗ್ರಿ, ಹೆಚ್ಚುಕಡಿಮೆ ಗೋಡೆಯ ಹಾಗೆ ನಿಲ್ಲುತ್ತದೆ. ಹಾಗಾಗಿ ಒಳಗೆ ಅಡ್ಡಗೋಡೆಗಳು, ಮೂಲೆಗಳಿಂದ ಎತ್ತಿ ಕಲೆಕ್ಟರ್‌ಗೆ ಸುರಿಯುವ ಸಣ್ಣ ಪಂಪ್‌ಗಳು, ಎಂಜಿನ್‌ಗೆ ಆಯಿಲನ್ನು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್. ಇಷ್ಟೆಲ್ಲ ಇದ್ದೂ 2022ರ ಬಹ್ರೇನ್ ರೇಸ್‌ನಲ್ಲಿ ರೆಡ್ ಬುಲ್‌ನ ಎರಡೂ ಕಾರುಗಳು ಕೊನೆಯ ಕೆಲವು ಸುತ್ತುಗಳಲ್ಲಿ ಪೆಟ್ರೋಲ್ ವ್ಯವಸ್ಥೆಯ ತೊಂದರೆಯಿಂದ ನಿಂತುಹೋದವು. ಅವುಗಳಲ್ಲಿ ಸರ್ಜಿಯೊ ಪೆರೆಜ್ ಓಡಿಸುತ್ತಿದ್ದ ಕಾರು ಕೊನೆಯ ಸುತ್ತಿನ ಮೊದಲ ತಿರುವಿನಲ್ಲೇ ತಿರುಗಿ ನಿಂತಿತು. ಅಲ್ಲಿಯ ಕಾರಣದ ವಿವರ ಬೇರೆ, ಆದರೆ ಪೆಟ್ರೋಲ್ ಎಂಜಿನ್‌ವರೆಗೆ ತಲುಪುವ ದಾರಿಗೆ ನಾವು ಕೊಡುವ ಗಮನ ಯಾವಾಗಲೂ ಕಡಿಮೆಯೇ.

ಮೊಣಕಾಲಿನ ವಿಷಯ

ನಾವು ಪಂಪ್ ನಡುವೆ ತಂದೆವು, ಬಟ್ಟಲು ಕಟ್ಟಿದೆವು, ಮ್ಯಾಪನ್ನು ಹಳೆಯದಕ್ಕೆ ವಾಪಸ್ ತಂದೆವು. ಕೆಮ್ಮು ಪೂರ್ತಿ ಹೋಯಿತು. ಎಲ್ಲರೂ ಚಪ್ಪಾಳೆ ಹೊಡೆದೆವು. ಮಾರನೆಯ ದಿನ ಎಡ ಸುತ್ತಿನಲ್ಲಿ ಮತ್ತೆ ಕಟ್.

ಆದರೆ ಈ ಸಲ ಕೆಮ್ಮಲಿಲ್ಲ. ಟಕ್ ಅಂತ ನಿಂತು, ಕ್ಷಣದಲ್ಲಿ ವಾಪಸ್ ಬಂತು. ಪೆಟ್ರೋಲ್ ಒತ್ತಡ ಕಟ್ ಆಗುವವರೆಗೂ ಗಟ್ಟಿಯಾಗಿತ್ತು. ಅಂದರೆ ಮೊದಲಿನಿಂದಲೂ ಎರಡು ದೋಷ ಇದ್ದವು, ಎರಡೂ ಎಡ ತಿರುವಿನಲ್ಲೇ ಬರುತ್ತಿದ್ದವು, ದೊಡ್ಡದರ ಹಿಂದೆ ಸಣ್ಣದು ಕಾಣಿಸಿರಲಿಲ್ಲ. ಪುಸ್ತಕ ತೆಗೆದು ನೋಡಿದಾಗ ಒಂದು ವಿಷಯ ಸಿಕ್ಕಿತು. ಟಕ್ ಅಂತ ನಿಂತ ಪ್ರತಿ ಸಲವೂ ಓಡಿಸುತ್ತಿದ್ದದ್ದು ನಮ್ಮ ಉದ್ದ ಕಾಲಿನ ಡ್ರೈವರ್. ಕುಳ್ಳ ಡ್ರೈವರ್ ಓಡಿಸಿದಾಗ ಒಂದು ಸಲವೂ ಆಗಿರಲಿಲ್ಲ.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ, ಅವನನ್ನು ಕೂರಿಸಿ ಬಲ ಮೊಣಕಾಲನ್ನು ಹೊರಕ್ಕೆ ಒತ್ತು ಅಂದೆವು. ಎರಡನೇ ಸಲ ಒತ್ತಿದಾಗ ಎಂಜಿನ್ ನಿಂತಿತು. ಎಡ ತಿರುವಿನಲ್ಲಿ ದೇಹ ಬಲಕ್ಕೆ ಎಳೆಯುತ್ತದೆ, ಡ್ರೈವರ್ ಮೊಣಕಾಲನ್ನು ಪಕ್ಕದ ಚೌಕಟ್ಟಿನ ಪೈಪ್‌ಗೆ ಒತ್ತಿ ಹಿಡಿಯುತ್ತಾನೆ. ಅಲ್ಲಿ ತುರ್ತಿನಲ್ಲಿ ಎಂಜಿನ್ ನಿಲ್ಲಿಸುವ ಕಾಕ್‌ಪಿಟ್‌ನ ಶಟ್‌ಡೌನ್ ಗುಂಡಿಗೆ ಹೋಗುವ ವೈರ್‌ಗಳಿದ್ದವು. ಕನೆಕ್ಟರ್ ಒಳಗೆ ಒಂದು ಪಿನ್ ಸರಿಯಾಗಿ ಕ್ರಿಂಪ್ ಆಗಿರದೆ, ಅಂದರೆ ವೈರ್‌ಗೆ ಗಟ್ಟಿಯಾಗಿ ಒತ್ತಿ ಕೂರದೆ, ಅರ್ಧ ಹೊರಬಂದಿತ್ತು. ಶಟ್‌ಡೌನ್ ಸರ್ಕ್ಯೂಟ್ ಒಂದು ಕ್ಷಣ ತೆರೆದುಕೊಂಡರೂ ಫ್ಯೂಯಲ್ ಪಂಪ್, ಇಗ್ನಿಷನ್ ಎರಡೂ ಹೋಗುತ್ತವೆ. ಮೊಣಕಾಲು ಸರಿದರೆ ಕರೆಂಟ್ ವಾಪಸ್, ಗೇರ್‌ನಲ್ಲಿ ಉರುಳುತ್ತಿರುವ ಕಾರು ಎಂಜಿನ್ನನ್ನು ತಾನೇ ಎಬ್ಬಿಸುತ್ತದೆ.

ಹಾಗಾಗಿ ವೈರ್ ಹುಡುಕುವಾಗ ಕಾರನ್ನು ಖಾಲಿ ಇಟ್ಟು ಮೀಟರ್ ಹಿಡಿದರೆ ಸಾಲದು. ಡ್ರೈವರ್ ಒಳಗೆ ಕೂತಿರಲಿ, ಬೆಲ್ಟ್ ಹಾಕಿರಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಲಿ, ಕಾಲು ಒತ್ತಲಿ, ಬ್ರೇಕ್ ತುಳಿಯಲಿ. ಹೊರಗಿನಿಂದ ಒಬ್ಬರು ಪ್ರತಿ ಕನೆಕ್ಟರನ್ನೂ ಹಿಡಿದು ನಿಧಾನವಾಗಿ ಎಳೆದು ನೋಡಲಿ, ಒಂದೊಂದೇ ವೈರನ್ನು. ಮೇನ್ ಹೂಪ್‌ನ (ಡ್ರೈವರ್ ಹಿಂದಿನ ಕಮಾನಿನ ಪೈಪ್) ಎರಡೂ ಪಕ್ಕದ ಗುಂಡಿಗಳು, ಬ್ರೇಕ್ ಪೆಡಲ್ ಮಿತಿ ಮೀರಿ ಒಳಹೋದರೆ ಕರೆಂಟ್ ಕಡಿಯುವ ಓವರ್‌ಟ್ರಾವೆಲ್ ಸ್ವಿಚ್, ಇನರ್ಷಿಯಾ ಸ್ವಿಚ್, ಎಲ್ಲ ಒಂದೇ ಸರಪಳಿಯಲ್ಲಿ ಇರುವುದರಿಂದ ಯಾವ ಕೊಂಡಿ ಸಡಿಲವಾದರೂ ಲಕ್ಷಣ ಒಂದೇ. ಕ್ರಿಂಪ್ ಸರಿ ಮಾಡಿ, ವೈರ್‌ಗಳನ್ನು ಪೈಪ್‌ನ ಹೊರಬದಿಗೆ ಸರಿಸಿ, ಮೊಣಕಾಲು ತಾಗುವ ಕಡೆ ಪ್ಯಾಡ್ ಹಾಕಿ ಮುಗಿಸಿದೆವು.

ಕೊನೆಯ ಪರೀಕ್ಷೆ ಹೀಗೆ ಮಾಡಿ. ಟ್ಯಾಂಕಿನಲ್ಲಿ 1 ಲೀಟರ್ ಮಾತ್ರ ಹಾಕಿ, ಉದ್ದ ಕಾಲಿನವರನ್ನೇ ಕೂರಿಸಿ, ಎಡಕ್ಕೆ ಎರಡಲ್ಲ, ಹತ್ತು ಸುತ್ತು ಹೊಡೆಸಿ. ಆಮೇಲೆ ಬಲಕ್ಕೆ ಹತ್ತು. ಪೆಟ್ರೋಲ್ ಒತ್ತಡದ ಗೆರೆ ನೇರವಾಗಿದ್ದರೆ 200 ಮಿಲಿ ತೆಗೆದು ಮತ್ತೆ ಓಡಿಸಿ, ಒತ್ತಡ ಮೊದಲ ಸಲ ಅಲುಗುವವರೆಗೆ. ಆ ಮಟ್ಟ ಎಷ್ಟು ಅಂತ ಮಾಸ್ಕಿಂಗ್ ಟೇಪ್ ಮೇಲೆ ದಪ್ಪಕ್ಕೆ ಬರೆದು ಟ್ಯಾಂಕಿಗೆ ಅಂಟಿಸಿ. ಸ್ಪರ್ಧೆಯ ದಿನ ಸ್ಕಿಡ್‌ಪ್ಯಾಡ್‌ಗೆ ಹೊರಡುವ ಮೊದಲು ಭಾರ ಕಡಿಮೆ ಮಾಡೋಣ ಅಂತ ಯಾರಾದರೂ ಪೆಟ್ರೋಲ್ ಇಳಿಸಲು ಬಂದರೆ ಆ ಟೇಪನ್ನು ತೋರಿಸಿ.